ಬ್ಯಾಗಿನ ಬಣ್ಣ ಬಿಡಿ, ರನ್ನರ್ ನೋಡಿ

ರಾತ್ರಿ ಹತ್ತೂವರೆ. ಮೆಜೆಸ್ಟಿಕ್‌ನಲ್ಲಿ ಕುಕ್ಕೆಯ ಬಸ್ಸು ಹೊರಡಲು ಐದೇ ನಿಮಿಷ ಇತ್ತು. ನನ್ನ ತಂಗಿಯ ಮಗ ಹೊಚ್ಚ ಹೊಸ ಬ್ಯಾಗನ್ನು ಡಿಕ್ಕಿಯೊಳಗೆ ತಳ್ಳಿದ. ತಳ್ಳಿದ್ದೇ ತಡ, ಜಿಪ್ಪು ನಡುವೆ ಬಾಯಿ ಬಿಟ್ಟಿತು. ರನ್ನರ್, ಅಂದರೆ ಜಿಪ್ಪನ್ನು ತೆಗೆದು ಹಾಕಲು ನಾವು ಎಳೆಯುವ ತುಂಡು, ಕೊನೆವರೆಗೂ ಹೋಗಿ ಕೂತಿದೆ, ಅದರ ಹಿಂದೆ ಹಲ್ಲುಗಳು ಮಾತ್ರ ಕೂಡಿಲ್ಲ. ತಂಗಿ ತನ್ನ ವೇಲ್ ತೆಗೆದು ಬ್ಯಾಗಿಗೆ ಸುತ್ತಿ ಗಂಟು ಹಾಕಿದಳು. ಸಕಲೇಶಪುರ ದಾಟಿದ ಮೇಲೆ ಮಳೆ ಹಿಡಿಯಿತು. ಬೆಳಿಗ್ಗೆ ಸುಬ್ರಹ್ಮಣ್ಯದಲ್ಲಿ ಇಳಿದು ನೋಡಿದರೆ, ದೇವಸ್ಥಾನಕ್ಕೆ ಉಡಬೇಕಾದ ಪಂಚೆಯನ್ನು ಹಿಂಡಿದರೆ ನೀರು ಸುರಿಯುತ್ತಿತ್ತು.

ನಾವು ಹತ್ತು ಹನ್ನೆರಡು ಜನ ವರ್ಷಕ್ಕೆ ನಾಲ್ಕೈದು ಸಲ ಊರು ಸುತ್ತುತ್ತೇವೆ. ಪ್ರತಿ ಸಲವೂ ಒಬ್ಬರಲ್ಲ ಒಬ್ಬರ ಬ್ಯಾಗು ಕೈ ಕೊಡುತ್ತದೆ. ಕಾರಣ ಒಂದೇ. ಅಂಗಡಿಗೆ ಹೋದಾಗ ಎಲ್ಲರೂ ಬಣ್ಣ ನೋಡುತ್ತಾರೆ, ಖಾನೆ ಎಣಿಸುತ್ತಾರೆ, ರೇಟ್ ಕೇಳುತ್ತಾರೆ. ಜಿಪ್ಪನ್ನು ಒಂದು ಸಲ ಎಳೆದು ಬಿಡುತ್ತಾರೆ, ಅಷ್ಟೇ. ಚಿಕ್ಕಪೇಟೆಯ ಒಂದು ಓಣಿಯಲ್ಲಿ ಬ್ಯಾಗು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ನನಗೆ ಹೇಳಿದ ಮಾತು ಇದು: "ಬಟ್ಟೆ ಹರಿದು ನನ್ನ ಹತ್ರ ಬರೋ ಬ್ಯಾಗು ಕಡಿಮೆ ಅಮ್ಮ. ಬರೋದೆಲ್ಲ ರನ್ನರ್, ಇಲ್ಲ ಅಂದ್ರೆ ಪಟ್ಟಿ." ಈ ಲೇಖನದ ದೊಡ್ಡ ಭಾಗ ಅದಕ್ಕೇ ಮೀಸಲು.

ಮೊದಲು ಅಳತೆ

ಎರಡು ದಿನಕ್ಕೆ 25ರಿಂದ 30 ಲೀಟರಿನ ಬ್ಯಾಗು ಸಾಕು, ನಾಲ್ಕೈದು ದಿನಕ್ಕೆ 40. ಅದಕ್ಕಿಂತ ದೊಡ್ಡದು ತರಬೇಡಿ. ಜಾಗ ಇದ್ದರೆ ಏನಾದರೂ ತುಂಬಿಸಿಯೇ ತೀರುತ್ತೇವೆ.

ಜಿಪ್ಪು ಪರೀಕ್ಷೆ: ಅಂಗಡಿಯಲ್ಲಿ ಹತ್ತು ನಿಮಿಷ

ಬ್ಯಾಗಿನೊಳಗೆ ತುಂಬಿಸಿಟ್ಟ ಪೇಪರ್ ಉಂಡೆಗಳನ್ನು ಮೊದಲು ತೆಗೆಸಿ. ಅವು ಇರುವಷ್ಟು ಹೊತ್ತು ಎಲ್ಲ ಬ್ಯಾಗುಗಳೂ ಚೆನ್ನಾಗಿಯೇ ಕಾಣುತ್ತವೆ.

ಆಮೇಲೆ ರನ್ನರ್ ತಿರುಗಿಸಿ ಅದರ ಬೆನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ 3, 5, 8, 10 ಹೀಗೆ ಒಂದು ಸಂಖ್ಯೆ ಇರುತ್ತದೆ. ಮುಚ್ಚಿದಾಗ ಹಲ್ಲಿನ ಸಾಲು ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಮುಖ್ಯ ಖಾನೆಗೆ 8 ಅಥವಾ 10 ಇರಲೇಬೇಕು. ಹೊರಗಿನ ಸಣ್ಣ ಜೇಬಿಗೆ 5 ಆದರೆ ಪರವಾಗಿಲ್ಲ. ಮುಖ್ಯ ಖಾನೆಗೇ 5 ಹಾಕಿದ ಬ್ಯಾಗನ್ನು ಅಲ್ಲೇ ಇಟ್ಟು ಬನ್ನಿ, ಎಷ್ಟೇ ಅಗ್ಗವಾಗಿದ್ದರೂ ಸರಿ. ಜಪಾನಿನಲ್ಲಿ 1934ರಲ್ಲಿ ಶುರುವಾದ ವೈಕೆಕೆ ಕಂಪನಿಯ ಜಿಪ್ಪು ಇದ್ದರೆ ಒಳ್ಳೆಯದು. ಆದರೆ ಆ ಮೂರು ಅಕ್ಷರ ಕೆತ್ತಿದ ನಕಲಿ ರನ್ನರ್‌ಗಳೂ ಬರುತ್ತವೆ. ಹಾಗಾಗಿ ಅಕ್ಷರ ನೋಡಿ ಸುಮ್ಮನಾಗಬೇಡಿ, ಕೈಯಿಂದ ಎಳೆದು ನೋಡಿ.

ಎಳೆಯುವುದು ಹೇಗೆ? ಜಿಪ್ಪನ್ನು ಹತ್ತು ಸಲ ತೆಗೆದು ಹಾಕಿ. ನೇರ ಭಾಗದಲ್ಲಿ ಎಲ್ಲ ಜಿಪ್ಪೂ ಓಡುತ್ತದೆ. ನಿಮ್ಮ ಗಮನ ಮೂಲೆಯ ತಿರುವಿನಲ್ಲಿ ಇರಲಿ. ಅಲ್ಲಿ ಒಂದು ಕೈಯಲ್ಲೇ ರನ್ನರ್ ತಿರುಗಿ ಹೋಗಬೇಕು. ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಬಿಗಿ ಮಾಡಿದರೆ ಮಾತ್ರ ಹೋಗುತ್ತದೆ ಅಂದರೆ ಹೊಲಿಗೆ ಸೊಟ್ಟ ಬಿದ್ದಿದೆ ಅಂತ ಅರ್ಥ. ಒಳಗಿನ ಅಸ್ತರು ಹಲ್ಲಿಗೆ ಸಿಕ್ಕಿಕೊಳ್ಳುತ್ತದಾ ನೋಡಿ. ಅಂಗಡಿಯಲ್ಲಿ ಒಂದು ಸಲ ಸಿಕ್ಕಿದ್ದು ರೈಲಿನ ಕತ್ತಲಲ್ಲಿ ಹತ್ತು ಸಲ ಸಿಗುತ್ತದೆ. ಕೊನೆಗೆ ಜಿಪ್ಪು ಪೂರ್ತಿ ಮುಚ್ಚಿ, ಅದರ ಎರಡೂ ಬದಿಯ ಬಟ್ಟೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದು ಅಡ್ಡಕ್ಕೆ ಜಗ್ಗಿ. ಹಲ್ಲುಗಳ ನಡುವೆ ಬೆಳಕು ಕಂಡರೆ ಆ ಬ್ಯಾಗು ಬೇಡ.

ಮನೆಯಲ್ಲಿರುವ ಬ್ಯಾಗಿನ ಜಿಪ್ಪು ಈಗಾಗಲೇ ಬಾಯಿ ಬಿಡುತ್ತಿದ್ದರೆ ಎಸೆಯಬೇಡಿ. ಬಹಳ ಸಲ ಹಲ್ಲು ಸರಿಯಾಗಿಯೇ ಇರುತ್ತದೆ, ಸವೆದಿರುವುದು ರನ್ನರ್. ಅದರ ಹಿಂಬದಿ, ಅಂದರೆ ಕೂಡಿದ ಹಲ್ಲು ಹೊರಬರುವ ಕಡೆ, ಮೇಲಿನ ತಗಡಿಗೂ ಕೆಳಗಿನ ತಗಡಿಗೂ ನಡುವಿನ ಸಂದು ಅಗಲವಾಗಿರುತ್ತದೆ. ಇಕ್ಕಳದಿಂದ ಎಡಬದಿ ಸ್ವಲ್ಪ, ಬಲಬದಿ ಸ್ವಲ್ಪ ಒತ್ತಿ. ಒಂದೊಂದು ಸಲ ಒತ್ತಿದ ಮೇಲೂ ಜಿಪ್ಪು ಎಳೆದು ನೋಡಿ. ಒಂದೇ ಸಲಕ್ಕೆ ಜೋರಾಗಿ ಒತ್ತಿದರೆ ಲೋಹ ಸೀಳುತ್ತದೆ. ಇದು ಒಂದು ಪ್ರವಾಸಕ್ಕೆ ಸಾಕಾಗುವ ರಿಪೇರಿ. ವಾಪಸ್ ಬಂದ ಮೇಲೆ ಹೊಸ ರನ್ನರ್ ಹಾಕಿಸಿ, ಪೂರ್ತಿ ಜಿಪ್ಪು ಬದಲಾಯಿಸುವ ಖರ್ಚು ಬೇಕಾಗುವುದಿಲ್ಲ. ಜಿಪ್ಪು ಬಿಗಿಯಾಗಿದ್ದರೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಎರಡೇ ದಿನದಲ್ಲಿ ಅದಕ್ಕೆ ದೂಳು ಮೆತ್ತಿಕೊಂಡು ಜಿಪ್ಪು ಮೊದಲಿಗಿಂತ ಕೆಡುತ್ತದೆ.

ಇನ್ನೊಂದು ವಿಷಯ. ಜಿಪ್ಪಿಗೆ ಪುಟ್ಟ ಬೀಗ ಹಾಕಿ ನಿಶ್ಚಿಂತೆಯಾಗಿ ಮಲಗುವವರು ಜಾಸ್ತಿ. ನೈಲಾನ್ ಸುರುಳಿ ಹಲ್ಲಿನ ಜಿಪ್ಪನ್ನು ಬಾಲ್ ಪೆನ್ನಿನ ತುದಿ ಚುಚ್ಚಿ ಬಿಡಿಸಬಹುದು. ಆಮೇಲೆ ಬೀಗದ ಸಮೇತ ರನ್ನರ್‌ಗಳನ್ನು ಆ ಕಡೆ ಈ ಕಡೆ ಓಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಗುರುತೂ ಉಳಿಯುವುದಿಲ್ಲ. ಒಡವೆ, ದುಡ್ಡು, ಮಾತ್ರೆ ಇವು ಮೈಮೇಲಿನ ಸಣ್ಣ ಚೀಲದಲ್ಲೇ ಇರಲಿ. ರೈಲಿನಲ್ಲಾದರೆ ಕೆಳಗಿನ ಬರ್ತಿನ ಅಡಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ, ಚೈನು ಅದಕ್ಕೆ ಹಾಕಿ.

ಪಟ್ಟಿ, ಬಟ್ಟೆ

ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಚೌಕ, ಅದರೊಳಗೆ ಗುಣಾಕಾರದ ಗುರುತು, ಹೀಗೆ ಹೊಲಿಗೆ ಇರಬೇಕು. ಕೆಳತುದಿಯನ್ನು ಮರೆಯಬೇಡಿ, ಮೊದಲು ಕಿತ್ತು ಬರುವುದು ಅದೇ. ಒಳಗೆ ಕೈ ಹಾಕಿ ಹೊಲಿಗೆಯ ಅಂಚು ಸವರಿ. ಅಂಚಿಗೆ ಪಟ್ಟಿ ಕೊಟ್ಟು ಮುಚ್ಚಿದ್ದರೆ ಬಾಳಿಕೆ ಬರುತ್ತದೆ, ನೂಲು ಪುಸುಪುಸು ಕೈಗೆ ಬಂದರೆ ಇಲ್ಲ.

ಚೀಟಿಯಲ್ಲಿ 600 ಡೆನಿಯರ್ ಅಂತೆಲ್ಲ ಬರೆದಿರುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದೇ ಡೆನಿಯರ್. ಸಂಖ್ಯೆ ಜಾಸ್ತಿಯಾದಷ್ಟೂ ನೂಲು ದಪ್ಪ. ಡಿಕ್ಕಿಗೆ ಬೀಳುವ ಬ್ಯಾಗಿಗೆ 600 ಪಾಲಿಯೆಸ್ಟರ್ ಸಾಕು. ಒಳ್ಳೆಯ ನೈಲಾನ್ ಆದರೆ 420 ಇದ್ದರೂ ಗಟ್ಟಿ. "ವಾಟರ್‌ಪ್ರೂಫ್" ಅನ್ನುವ ಚೀಟಿಯನ್ನು ಮಾತ್ರ ನಂಬಬೇಡಿ. ಬಟ್ಟೆ ನೀರು ತಡೆಯಬಹುದು, ಆದರೆ ಸೂಜಿ ಹೋದ ತೂತು ಮತ್ತು ಜಿಪ್ಪು ತಡೆಯುವುದಿಲ್ಲ.

ಖಾಲಿ ಬ್ಯಾಗು ಹೊತ್ತು ನೋಡಬೇಡಿ

ಖಾಲಿ ಇದ್ದಾಗ ಎಲ್ಲ ಬ್ಯಾಗೂ ಹಗುರ, ಅಲ್ವಾ? ನಾನು ಅಂಗಡಿಗೆ ಹೋಗುವಾಗ ನೀರು ತುಂಬಿದ ಒಂದು ಲೀಟರಿನ ಬಾಟಲಿ ಆರು ಒಯ್ಯುತ್ತೇನೆ. ಲೆಕ್ಕ ಸುಲಭ, ಆರು ಕೆಜಿ. ಅದನ್ನು ತುಂಬಿ, ಎಲ್ಲ ಪಟ್ಟಿ ಸಡಿಲ ಮಾಡಿ ಬೆನ್ನಿಗೆ ಹಾಕಿಕೊಳ್ಳಿ. ಮೊದಲು ಸೊಂಟದ ಬೆಲ್ಟು. ಅದು ಹೊಟ್ಟೆಯ ಮೇಲೆ ಅಲ್ಲ, ಎರಡೂ ಪಕ್ಕದ ಸೊಂಟದ ಮೂಳೆಯ ಮೇಲೆ ಕೂರಬೇಕು. ಬಿಗಿ ಮಾಡಿ. ಆಮೇಲೆ ಹೆಗಲ ಪಟ್ಟಿ ಎಳೆಯಿರಿ, ಎದೆಯ ಪಟ್ಟಿ ಕೊನೆಗೆ. ಸರಿಯಾಗಿ ಕೂತರೆ ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಇಳಿಯುತ್ತದೆ, ಹೆಗಲ ಪಟ್ಟಿಯ ಕೆಳಗೆ ಬೆರಳು ಆರಾಮವಾಗಿ ತೂರುತ್ತದೆ. ಹಾಗೇ ಅಂಗಡಿಯ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಚಾರಣಕ್ಕೆ ಹೋಗುವವರು ಸೊಂಟದ ಬೆಲ್ಟ್ ಇಲ್ಲದ ಬ್ಯಾಗು ಕೊಳ್ಳಲೇಬಾರದು.

ಟ್ರಾಲಿ ಬೇಕು ಅನ್ನುವವರಿಗೆ ನನ್ನ ಸಲಹೆ ಎರಡು ಚಕ್ರದ್ದು. ನಾಲ್ಕು ಚಕ್ರದ್ದು ದೇವನಹಳ್ಳಿ ವಿಮಾನ ನಿಲ್ದಾಣದ ನುಣುಪು ನೆಲದಲ್ಲಿ ಚೆನ್ನಾಗಿ ಓಡುತ್ತದೆ. ಮನೆಯಿಂದ ಆಟೊ ಸ್ಟ್ಯಾಂಡಿನವರೆಗೆ ನಮ್ಮ ಫುಟ್‌ಪಾತಿನ ಚಪ್ಪಡಿ ಸಂದಿಗೆ ಸಿಕ್ಕರೆ ಆ ಪುಟ್ಟ ಚಕ್ರ ಮುರಿಯುತ್ತದೆ. ಗಟ್ಟಿ ಮೈಯ ಪೆಟ್ಟಿಗೆಯಾದರೆ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನದು ಕೇಳಿ. ಒತ್ತಿದರೆ ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಎಬಿಎಸ್ ಅನ್ನುವ ಪ್ಲಾಸ್ಟಿಕ್ ಅಗ್ಗ, ಆದರೆ ಏಟು ಬಿದ್ದರೆ ಬಿರುಕು ಬಿಡುತ್ತದೆ.

ತುಂಬುವುದು: ನೀರಿನ ಲೆಕ್ಕ

ಎಲ್ಲರೂ ಎಡವುವ ಇನ್ನೊಂದು ಜಾಗ ಇದು. ರೇನ್ ಕವರ್ ಹಾಕಿದೆವು, ಇನ್ನು ಭಯವಿಲ್ಲ ಅಂದುಕೊಳ್ಳುತ್ತಾರೆ. ಕವರ್ ಇರುವುದು ಹೊರಗಿನ ಮೂರು ಬದಿಗೆ ಮಾತ್ರ. ಬೆನ್ನಿನ ಕಡೆ ತೆರೆದೇ ಇರುತ್ತದೆ. ಮಳೆನೀರು ಕತ್ತಿನಿಂದ ಇಳಿದು, ಬೆನ್ನಿಗೆ ಹರಿದು, ಬ್ಯಾಗಿನ ಬಟ್ಟೆಯೊಳಗೆ ಇಂಗುತ್ತದೆ. ಆಗುಂಬೆ, ಕೊಡಗಿನ ಮಳೆಯಲ್ಲಿ ಅರ್ಧ ಗಂಟೆ ನಡೆದರೆ ಸಾಕು. ಕಾವಲು ಒಳಗಡೆ ಬೇಕು.

ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಚೀಲ ಒಂದು ತನ್ನಿ, ಬ್ಯಾಗಿಗಿಂತ ಒಂದೂವರೆ ಪಟ್ಟು ಉದ್ದ ಇರಲಿ. ಅದನ್ನು ಬ್ಯಾಗಿನೊಳಗೆ ಬಿಡಿಸಿ, ಬಾಯಿಯನ್ನು ಹೊರಗೆ ಮಡಚಿ. ಬಟ್ಟೆಯೆಲ್ಲ ಅದರೊಳಗೆ. ತುಂಬಿದ ಮೇಲೆ ಮಂಡಿಯಿಂದ ಮೆಲ್ಲಗೆ ಒತ್ತಿ ಗಾಳಿ ತೆಗೆಯಿರಿ. ಚೀಲದ ಕತ್ತನ್ನು ಹಗ್ಗ ಹೊಸೆದಂತೆ ತಿರುಚಿ, ಅದನ್ನೇ ಕೆಳಕ್ಕೆ ಬಗ್ಗಿಸಿ, ಬುಡಕ್ಕೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಸುಮ್ನೆ ಗಂಟು ಕಟ್ಟಿದರೆ ನೀರು ಒಳಗಿಳಿಯುತ್ತದೆ, ಬಿಚ್ಚುವುದೂ ಕಷ್ಟ. ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಚೀಲದೊಳಗೆ ಒಂದು ಹಾಳೆ ದಿನಪತ್ರಿಕೆ ಇಟ್ಟು, ಬ್ಯಾಗನ್ನು ಬಚ್ಚಲಲ್ಲಿ ಷವರ್ ಕೆಳಗೆ ಐದು ನಿಮಿಷ ನಿಲ್ಲಿಸಿ. ಪತ್ರಿಕೆ ಗರಿಗರಿಯಾಗಿಯೇ ಹೊರಬಂದರೆ ಬಸ್ಸು ಹತ್ತಿ.

ಭಾರದ ಸಾಮಾನು ಬೆನ್ನಿಗೆ ಒತ್ತಿ, ನಡು ಎತ್ತರದಲ್ಲಿ. ಹಗುರದ್ದು ಕೆಳಗೆ ಮತ್ತು ಹೊರಗೆ.

ಬಟ್ಟೆ ಎಷ್ಟು ಬೇಕು ಅನ್ನುವುದು ಒಣಗುವ ಹೊತ್ತಿನ ಮೇಲೆ ನಿಂತಿದೆ. ಒದ್ದೆಯಾದ ಜೀನ್ಸ್ ಮಲೆನಾಡಿನಲ್ಲಿ ಎರಡು ದಿನವಾದರೂ ಒಣಗದು, ಮನೆಯಲ್ಲೇ ಬಿಡಿ. ದಪ್ಪ ಟರ್ಕಿ ಟವೆಲ್ಲೂ ಬೇಡ. ತೆಳ್ಳನೆಯ ಪಂಚೆ ಟವೆಲ್‌ಗೆ ಸಾಟಿಯಿಲ್ಲ. ಮೈ ಒರೆಸಲು, ತಲೆಗೆ ಸುತ್ತಲು, ಬಸ್ಸಿನಲ್ಲಿ ಹೊದೆಯಲು ಎಲ್ಲಕ್ಕೂ ಬರುತ್ತದೆ, ಕಿಟಕಿಗೆ ಕಟ್ಟಿದರೆ ಬೇಗ ಒಣಗುತ್ತದೆ. ಬಟ್ಟೆ ಜೋಡಿಸಲು ಮಾರುವ ಬಣ್ಣಬಣ್ಣದ ಡಬ್ಬಿಚೀಲಗಳ ಸೆಟ್ಟಿಗೆ ದುಡ್ಡು ಹಾಕಬೇಡಿ, ಹಳೆಯ ದಿಂಬಿನ ಕವರ್ ಅದೇ ಕೆಲಸ ಮಾಡುತ್ತದೆ.

ಹೊಸ ಶೂ ಹಾಕಿಕೊಂಡು ಪ್ರವಾಸಕ್ಕೆ ಹೋಗಬೇಡಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಎರಡು ವಾರ ಲಾಲ್‌ಬಾಗ್‌ನಲ್ಲಿ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ.

ಇನ್ನುಳಿದದ್ದು ಒಂದು ಸ್ಟೀಲ್ ಡಬ್ಬಿಯಲ್ಲಿ ಹಿಡಿಸುತ್ತದೆ: ದಿನದ ಮಾತ್ರೆ, ಓಆರ್‌ಎಸ್, ಬ್ಯಾಂಡೇಜು, ಸೂಜಿ ದಾರ, ನಾಲ್ಕು ಪಿನ್ನು, ಮೇಣದಬತ್ತಿಯ ತುಂಡು. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಸುರಿದು ಕುಡಿಯುವುದು ತಪ್ಪು. ಮಳೆಗಾಲದಲ್ಲಿ ಕಾಡಿಗೆ ಹೋಗುವುದಾದರೆ ಬಟ್ಟೆಯ ಚೂರಿನಲ್ಲಿ ಉಪ್ಪು ಕಟ್ಟಿಕೊಳ್ಳಿ, ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಮುಟ್ಟಿಸಿದರೆ ಕಳಚಿ ಬೀಳುತ್ತದೆ.

ವಿಮಾನಕ್ಕಾದರೆ

ದೇಶದೊಳಗೆ ಓಡಾಡುವ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿ, ಕೆಳಗೆ ಹಾಕುವ ಲಗೇಜಿಗೆ 15 ಕೆಜಿ. ಟಿಕೆಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಮನೆಯ ತಕ್ಕಡಿಯ ಮೇಲೆ ನೀವು ಒಬ್ಬರೇ ನಿಂತು, ಆಮೇಲೆ ಬ್ಯಾಗು ಎತ್ತಿಕೊಂಡು ನಿಂತರೆ ತೂಕ ಸಿಗುತ್ತದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗೆ (ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ತಿನ ಅಳತೆ ಇದು) ಒಯ್ಯಬಹುದು. 20000 ಎಂಎಎಚ್ ಅಂದರೆ 74 ವ್ಯಾಟ್ ಅವರ್, ಅದು ಸಾಕು. ಸಾಮರ್ಥ್ಯ ಮೈಮೇಲೆ ಮುದ್ರಿಸಿರದ ಅಗ್ಗದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ಹಿಡಿದಿಡಬಹುದು, ಅಂಥದ್ದು ಕೊಳ್ಳಲೇಬೇಡಿ.

ನಮ್ಮವರು ಖಂಡಿತ ಸಿಕ್ಕಿಬೀಳುವುದು ಕೊಬ್ಬರಿಯಲ್ಲಿ. ದೆಹಲಿಯ ಮದುವೆಗೆ ಅಂತ ತಿಪಟೂರಿನ ಕೊಬ್ಬರಿ ಬಟ್ಟಲು ಲಗೇಜಿಗೆ ಹಾಕುತ್ತಾರೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕುಗಳ ಪಟ್ಟಿಯಲ್ಲಿ ಅದೂ ಇದೆ. ಪೆಟ್ಟಿಗೆ ಬಿಚ್ಚಿಸಿ ತೆಗೆಸುತ್ತಾರೆ. 

ಮನೆಗೆ ಬಂದ ಮೇಲೆ

ಬ್ಯಾಗನ್ನು ತಲೆಕೆಳಗು ಮಾಡಿ ಮರಳು ಕೊಡವಿ, ಮೂಲೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಜಿಪ್ಪಿನ ಹಲ್ಲಿಗೂ ಅದೇ ಬ್ರಷ್. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ನೆರಳಲ್ಲಿ ಎರಡು ದಿನ ಒಣಗಿಸಿ. ಒದ್ದೆ ಬ್ಯಾಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಜ್ಜದ ಮೇಲೆ ಎಸೆದರೆ ಒಳಗಿನ ನೀರು ತಡೆಯುವ ಲೇಪ ಕೆಲವೇ ವರ್ಷದಲ್ಲಿ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಜಿಪ್ಪು ತೆರೆದು, ಗಾಳಿಯಾಡುವ ಕಡೆ ಮೊಳೆಗೆ ನೇತು ಹಾಕಿ. ರನ್ನರ್ ಸಡಿಲವಾಗಿದೆ ಅನಿಸಿದರೆ ಆ ವಾರವೇ ರಿಪೇರಿಗೆ ಕೊಟ್ಟುಬಿಡಿ, ಮುಂದಿನ ಪ್ರವಾಸದ ಹಿಂದಿನ ದಿನದವರೆಗೆ ಕಾಯಬೇಡಿ.