ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಮುನ್ನ ಎಳೆಯ ಆಟಗಾರರನ್ನು ತೂಗಿ ನೋಡುವುದು ಹೇಗೆ?

ಎನ್‌ಎಚ್‌ಎಲ್ ಎಂದರೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್, ಅದರ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಅದು ಹತ್ತಿರವಾದಂತೆ ಅಭಿಮಾನಿಗಳು ಹುಡುಗರ ಪಾಯಿಂಟ್‌ಗಳನ್ನು (ಗೋಲ್ ಮತ್ತು ಅಸಿಸ್ಟ್‌ಗಳ ಮೊತ್ತ) ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದನ್ನೇ ತಮ್ಮ ಪಟ್ಟಿ ಎಂದುಬಿಡುತ್ತಾರೆ. ಪಟ್ಟಿ ಕೆಡುವುದು ಅಲ್ಲಿಯೇ. 2025ರ ಡ್ರಾಫ್ಟನ್ನೇ ನೋಡಿ. ಸ್ಯಾನ್ ಹೊಸೆ ತಂಡ ಎರಡನೆಯವರಾಗಿ ಆರಿಸಿದ ಮೈಕಲ್ ಮಿಸಾ ಒಂಟಾರಿಯೊ ಹಾಕಿ ಲೀಗ್, ಅಂದರೆ ಒಎಚ್‌ಎಲ್‌ನ 65 ಪಂದ್ಯಗಳಲ್ಲಿ 134 ಪಾಯಿಂಟ್ ಗಳಿಸಿದ್ದರು. ಶಿಕಾಗೊ ಮೂರನೆಯವರಾಗಿ ಆರಿಸಿದ ಆಂಟನ್ ಫ್ರಾಂಡೆಲ್ ಸ್ವೀಡನ್ನಿನ ಎರಡನೇ ದರ್ಜೆಯ ಲೀಗ್‌ನಲ್ಲಿ 29 ಪಂದ್ಯಗಳಿಗೆ 25 ಪಾಯಿಂಟ್ ಗಳಿಸಿದ್ದರು. ಮೊದಲಿಗರಾಗಿ ನ್ಯೂಯಾರ್ಕ್ ಐಲೆಂಡರ್ಸ್ ಸೇರಿದ ಡಿಫೆನ್ಸ್ ಆಟಗಾರ ಮ್ಯಾಥ್ಯೂ ಶೇಫರ್ ಅನಾರೋಗ್ಯ, ಕಾಲರ್ ಬೋನ್ ಮುರಿತಗಳಿಂದಾಗಿ ಆ ವರ್ಷ ಒಎಚ್‌ಎಲ್‌ನಲ್ಲಿ ಆಡಿದ್ದೇ 17 ಪಂದ್ಯ. ಬರೀ ಪಾಯಿಂಟ್ ನೋಡುವವರಿಗೆ ಈ ಮೂವರು ಅಕ್ಕಪಕ್ಕ ಹೇಗೆ ಬಂದರೆಂಬುದು ತಿಳಿಯುವುದೇ ಇಲ್ಲ.

ಮೊದಲು ಹಾಳೆ

ಒಂದು ಎಕ್ಸೆಲ್ ಹಾಳೆ ಸಾಕು. ಒಬ್ಬ ಆಟಗಾರನಿಗೆ ಒಂದು ಸಾಲು: ಹುಟ್ಟಿದ ದಿನ, ಸ್ಥಾನ, ಎಡಗೈಯೋ ಬಲಗೈಯೋ, ಲೀಗ್, ಪಂದ್ಯ, ಗೋಲ್, ಮೊದಲ ಅಸಿಸ್ಟ್ (ಗೋಲಿಗೆ ಮುಂಚಿನ ಕೊನೆಯ ಪಾಸ್), ಎರಡನೇ ಅಸಿಸ್ಟ್ (ಅದಕ್ಕೂ ಹಿಂದಿನ ಪಾಸ್), ಪವರ್‌ಪ್ಲೇ ಪಾಯಿಂಟ್ (ಎದುರಾಳಿ ಆಟಗಾರ ದಂಡನೆಯಿಂದ ಹೊರಗಿದ್ದಾಗ ಗಳಿಸಿದ್ದು), ಗುರಿಗೆ ಹೊಡೆದ ಶಾಟ್, ಆಡಿದ ನಿಮಿಷ. ಫಾರ್ವರ್ಡ್, ಡಿಫೆನ್ಸ್, ಗೋಲ್‌ಕೀಪರ್ ಮೂವರಿಗೂ ಬೇರೆ ಬೇರೆ ಹಾಳೆ ಇರಲಿ. ಬೇರೆಯವರ ಅಂದಾಜು ಪಟ್ಟಿಗಳನ್ನು ಈ ಹಂತದಲ್ಲಿ ತೆರೆಯಲೇಬೇಡಿ. ಒಮ್ಮೆ ಕಣ್ಣಿಗೆ ಬಿದ್ದ ಸಂಖ್ಯೆ ತಲೆಯಿಂದ ಹೋಗುವುದಿಲ್ಲ.

ವಯಸ್ಸನ್ನು ತಿಂಗಳಲ್ಲಿ ಲೆಕ್ಕ ಹಾಕಿ

ಡ್ರಾಫ್ಟ್ ನಡೆಯುವ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬುವವರು ಅರ್ಹರು. ಮರುದಿನ ಹುಟ್ಟಿದವನು ಇನ್ನೊಂದು ವರ್ಷ ಕಾಯಬೇಕು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನದ ಅಂತರದಲ್ಲಿ 2015ರ ಡ್ರಾಫ್ಟ್ ತಪ್ಪಿತು, 2016ರಲ್ಲಿ ಮೊದಲಿಗರಾದರು. ಶೇಫರ್ 2007ರ ಸೆಪ್ಟೆಂಬರ್ 5ರಂದು ಹುಟ್ಟಿದವರು. ಅದೇ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಬಾಸ್ಟನ್ ಪಾಲಾದ ಜೇಮ್ಸ್ ಹೇಗನ್ಸ್ ಹುಟ್ಟಿದ್ದು 2006ರ ನವೆಂಬರ್ 3ರಂದು. ಒಂದೇ ಡ್ರಾಫ್ಟ್, ಆದರೂ ಹತ್ತು ತಿಂಗಳ ಅಂತರ. ಹದಿನೇಳರ ಹುಡುಗನ ತೊಡೆ, ಬೆನ್ನು, ತೋಳುಗಳ ಬಲ ಹತ್ತು ತಿಂಗಳಲ್ಲಿ ಎಷ್ಟು ಬದಲಾಗುತ್ತದೆ ಎಂಬುದು ತರಬೇತುದಾರರಿಗೆಲ್ಲ ಗೊತ್ತು.

ಆದ್ದರಿಂದ ಸೆಪ್ಟೆಂಬರ್ 15ಕ್ಕೆ ಪ್ರತಿಯೊಬ್ಬನಿಗೂ ಎಷ್ಟು ವರ್ಷ ಎಷ್ಟು ತಿಂಗಳು ಎಂದು ಒಂದು ಕಾಲಮ್ ಮಾಡಿ. ಹೇಗನ್ಸ್ ಅವರಂತೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದವರಿದ್ದರೆ ಅವರ ಹಿಂದಿನ ಸೀಸನ್ನಿನ ಅಂಕಿಗಳನ್ನೂ ಪಕ್ಕದಲ್ಲೇ ಬರೆಯಿರಿ. ಬೇಸಿಗೆಯಲ್ಲಿ ಹುಟ್ಟಿದ ಹುಡುಗನ ಈ ವರ್ಷದ ಆಟಕ್ಕೆ ಸರಿಯಾದ ಜೋಡಿ ಈ ಎರಡು ಸೀಸನ್‌ಗಳ ನಡುವೆ ಎಲ್ಲೋ ಇರುತ್ತದೆ. ಕಳೆದ ವರ್ಷ ಯಾರೂ ಆರಿಸದೆ ಉಳಿದ 19ರ ಹುಡುಗ ಈ ವರ್ಷ ನೂರು ಪಾಯಿಂಟ್ ಗಳಿಸಿದ್ದರೆ ಅವನ ಸಾಲಿಗೆ ಬೇರೆ ಬಣ್ಣ ಹಾಕಿ, 17ರವರ ಜೊತೆ ಬೆರೆಸಬೇಡಿ. ಉಳಿದೆಲ್ಲ ಸರಿಸಮವಾದ ಇಬ್ಬರಲ್ಲಿ ಕಿರಿಯವನೇ ಮೇಲೆ. ಇದರಲ್ಲಿ ರಿಯಾಯಿತಿ ಬೇಡ.

ಲೀಗ್‌ನ ತೂಕ

ಮೂರನೇ ಡಿವಿಷನ್ ಲೀಗ್‌ನ ಶತಕಕ್ಕೂ ರಣಜಿ ಶತಕಕ್ಕೂ ಒಂದೇ ಬೆಲೆ ಕಟ್ಟುವವರಿಲ್ಲ. ಇಲ್ಲೂ ಹಾಗೆಯೇ. ಒಎಚ್‌ಎಲ್ ಸೇರಿದಂತೆ ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡುವವರು ಬಹುತೇಕ 16ರಿಂದ 20ರ ಹುಡುಗರು. 20 ತುಂಬಿದವರು ತಂಡಕ್ಕೆ ಮೂವರೇ ಇರಬಹುದು. ಸ್ವೀಡನ್, ಫಿನ್ಲೆಂಡ್, ರಷ್ಯಾದ ಹಿರಿಯರ ಲೀಗ್‌ನಲ್ಲಿ ಆಡುವ ಹುಡುಗನಿಗೆ ಮೂವತ್ತು ದಾಟಿದ ವೃತ್ತಿಪರರು ಎದುರಾಗುತ್ತಾರೆ.

ಇದನ್ನು ಸರಿದೂಗಿಸಲು ಗುಣಾಂಕದ ಕೋಷ್ಟಕಗಳಿವೆ. ಪಂದ್ಯವೊಂದಕ್ಕೆ ಬಂದ ಪಾಯಿಂಟನ್ನು ಲೀಗ್‌ನ ಗುಣಾಂಕದಿಂದ ಗುಣಿಸಿ, 2025–26ರವರೆಗಿನ ಎನ್‌ಎಚ್‌ಎಲ್ ಸೀಸನ್ನಿನ 82 ಪಂದ್ಯಗಳಿಂದ ಮತ್ತೆ ಗುಣಿಸುವುದು ಇದರ ಕ್ರಮ. ಒಎಚ್‌ಎಲ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ಸಂಖ್ಯೆ 0.3ರ ಆಸುಪಾಸು. ಮಿಸಾ ಅವರ 2.06ನ್ನು ಹೀಗೆ ಗುಣಿಸಿದರೆ ಸುಮಾರು 51 ಬರುತ್ತದೆ. ಸ್ವೀಡನ್ನಿನ ಮೊದಲ ದರ್ಜೆಯ ಲೀಗ್‌ಗಾದರೆ ಒಂದು ಕೋಷ್ಟಕ 0.6ಕ್ಕಿಂತ ಕೆಳಗೆ ಹೇಳುತ್ತದೆ, ಇನ್ನೊಂದು 0.7ಕ್ಕಿಂತ ಮೇಲೆ. ಯಾವುದಾದರೂ ಒಂದನ್ನೇ ಹಿಡಿದು ಎಲ್ಲರಿಗೂ ಅದನ್ನೇ ಬಳಸಿ. ಇನ್ನೂರು ಹೆಸರನ್ನು ಅರವತ್ತಕ್ಕೆ ಇಳಿಸಲು ಇದು ಒಳ್ಳೆಯ ಅಡ್ಡದಾರಿ. ಅರವತ್ತರೊಳಗೆ ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನಿಸಲು ಬಳಸಿದರೆ ಮೋಸಹೋಗುತ್ತೀರಿ.

ಎರಡು ಕಡೆ ವಿಶೇಷ ಎಚ್ಚರ ಬೇಕು. ರಷ್ಯಾದ ಜೂನಿಯರ್ ಲೀಗ್ ಎಂಎಚ್‌ಎಲ್‌ನಲ್ಲಿ ಪಾಯಿಂಟ್ ಸುರಿಯುತ್ತವೆ. ಇವಾನ್ ಡೆಮಿಡೋವ್ 2023–24ರಲ್ಲಿ ಅಲ್ಲಿ 30 ಪಂದ್ಯಕ್ಕೆ 60 ಪಾಯಿಂಟ್ ಗಳಿಸಿದರು. ಮರುವರ್ಷ ಹಿರಿಯರ ಕೆಎಚ್‌ಎಲ್‌ನಲ್ಲಿ 65 ಪಂದ್ಯಕ್ಕೆ 49. ಆ ಎರಡನೆಯದು ಹದಿಹರೆಯದವನಿಗೆ ಅಪರೂಪದ ಸಾಧನೆ, ಆದರೂ ಪಂದ್ಯಕ್ಕೆ 2 ಇದ್ದದ್ದು 0.75ಕ್ಕೆ ಇಳಿಯಿತು. ಇನ್ನೊಂದು ಅಮೆರಿಕದ ಕಾಲೇಜು ಹಾಕಿ. ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಮೊದಲು ಅಲ್ಲಿ ಅವಕಾಶವಿರಲಿಲ್ಲ. 2025ರ ಆಗಸ್ಟ್‌ನಿಂದ ಬಾಗಿಲು ತೆರೆದಿದೆ. ಕೆನಡಾದ ಜೂನಿಯರ್ ತಂಡ ಮೆಡಿಸಿನ್ ಹ್ಯಾಟ್‌ನಲ್ಲಿ 56 ಪಂದ್ಯಕ್ಕೆ 129 ಪಾಯಿಂಟ್ ಗಳಿಸಿದ್ದ ಗ್ಯಾವಿನ್ ಮೆಕೆನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಹೀಗೆ. ಒಳ್ಳೆಯವರು ಹೊರಟುಹೋದ ಲೀಗ್ ಮೊದಲಿನ ಲೀಗ್ ಅಲ್ಲ, ಅವರು ಬಂದು ಸೇರಿದ ಲೀಗೂ ಮೊದಲಿನದಲ್ಲ. 2025ಕ್ಕಿಂತ ಹಿಂದೆ ಮಾಡಿದ ಗುಣಾಂಕಗಳನ್ನು ಈ ಎರಡಕ್ಕೂ ಹಾಗೇ ಹಚ್ಚಬೇಡಿ.

ಹಿರಿಯರ ಲೀಗ್‌ನ ಹುಡುಗನಿಗೆ ಪಂದ್ಯದ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ: ಪಾಯಿಂಟನ್ನು 60ರಿಂದ ಗುಣಿಸಿ, ಆಡಿದ ನಿಮಿಷಗಳಿಂದ ಭಾಗಿಸಿ. 40 ಪಂದ್ಯ, ದಿನಕ್ಕೆ 10 ನಿಮಿಷ, 10 ಪಾಯಿಂಟ್ ಎಂದರೆ 60 ನಿಮಿಷಕ್ಕೆ 1.5. ಅಷ್ಟೇ ಪಂದ್ಯದಲ್ಲಿ ದಿನಕ್ಕೆ 20 ನಿಮಿಷ ಆಡಿ 16 ಪಾಯಿಂಟ್ ಗಳಿಸಿದವನದು 1.2.

ಪಾಯಿಂಟನ್ನು ಬಿಡಿಸುವುದು

ಹೆಚ್ಚಿನವರು ಎಡವುವುದು ಈ ಹಂತದಲ್ಲಿ, ಅಥವಾ ಇದನ್ನು ಪೂರ್ತಿ ಬಿಟ್ಟೇಬಿಡುವುದರಲ್ಲಿ. ಒಂದು ಗೋಲಿಗೆ ಇಬ್ಬರಿಗೆ ಅಸಿಸ್ಟ್ ಸಿಗಬಹುದು, ಮೂವರಿಗೂ ತಲಾ ಒಂದೊಂದು ಪಾಯಿಂಟ್. ತನ್ನ ಗೋಲಿನ ಪಕ್ಕದಲ್ಲಿ ಸುಮ್ಮನೆ ಪಾಸ್ ಕೊಟ್ಟು ಬೆಂಚಿನ ಕಡೆ ಹೊರಟವನಿಗೂ, ಇಬ್ಬರನ್ನು ದಾಟಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬಲೆಗೆ ಸೇರಿಸಿದವನಿಗೂ ಹಾಳೆಯಲ್ಲಿ ಒಂದೇ ಬೆಲೆ. ಹಾಗಾಗಿ ಹೀಗೆ ಕಳೆಯುತ್ತ ಬನ್ನಿ.

ಲೆಕ್ಕಕ್ಕೆಂದು ಇಬ್ಬರು ಫಾರ್ವರ್ಡ್‌ಗಳನ್ನು ಊಹಿಸಿಕೊಳ್ಳೋಣ. ಮೊದಲನೆಯವನು 68 ಪಂದ್ಯಕ್ಕೆ 90 ಪಾಯಿಂಟ್, ಎರಡನೆಯವನು 62 ಪಂದ್ಯಕ್ಕೆ 70. ಪವರ್‌ಪ್ಲೇ ಪಾಯಿಂಟ್ ಮೊದಲನೆಯವನಿಗೆ 38, ಎರಡನೆಯವನಿಗೆ 18. ಕಳೆದರೆ ಇಬ್ಬರಿಗೂ 52 ಉಳಿಯಿತು. ಪಂದ್ಯದ ಕೊನೆಗೆ ಎದುರಾಳಿ ಗೋಲ್‌ಕೀಪರನನ್ನು ಹೊರಗೆಳೆದಾಗ ಖಾಲಿ ಬಲೆಗೆ ಬಂದವನ್ನು ತೆಗೆಯಿರಿ. ಮೊದಲನೆಯವನದು 4, ಎರಡನೆಯವನದು 2. ಉಳಿದದ್ದು 48 ಮತ್ತು 50. ಈಗ ಉಳಿದ ಎರಡನೇ ಅಸಿಸ್ಟ್‌ಗಳನ್ನು ಕಳೆಯಿರಿ. ಮೊದಲನೆಯವನಿಗೆ 16, ಎರಡನೆಯವನಿಗೆ 9. ಕೈಯಲ್ಲಿ ಉಳಿದದ್ದು 32 ಮತ್ತು 41. ಪಂದ್ಯಕ್ಕೆ ಭಾಗಿಸಿದರೆ 0.47 ಮತ್ತು 0.66. ಇಪ್ಪತ್ತು ಪಾಯಿಂಟ್ ಹಿಂದಿದ್ದವನು ಮುಂದೆ ಬಂದ.

ಪವರ್‌ಪ್ಲೇಯಲ್ಲಿ ಗಳಿಸಿದ್ದು ಕೆಲಸಕ್ಕೆ ಬಾರದ್ದಲ್ಲ. ಆದರೆ ಎನ್‌ಎಚ್‌ಎಲ್‌ಗೆ ಹೋದ ಹೊಸಬನಿಗೆ ಮೊದಲ ಪವರ್‌ಪ್ಲೇ ತಂಡದಲ್ಲಿ ಜಾಗ ಸಿಗುವುದು ಕಡಿಮೆ. ಐವರಿಗೆ ಐವರು ಆಡುವಾಗ ಏನೂ ಮಾಡಲಾಗದವನು ಅಲ್ಲಿ ಮೂರನೇ ಸಾಲಿನಲ್ಲಿ, ಅಂದರೆ ಕಡಿಮೆ ಹೊತ್ತು ಆಡುವ ಫಾರ್ವರ್ಡ್‌ಗಳ ಗುಂಪಿನಲ್ಲಿ ನಿಂತು ಮಂಕಾಗುತ್ತಾನೆ. ಎರಡನೇ ಅಸಿಸ್ಟಿಗೆ ಇನ್ನೊಂದು ದೋಷವಿದೆ: ಅದು ವರ್ಷದಿಂದ ವರ್ಷಕ್ಕೆ ನಿಲ್ಲುವುದಿಲ್ಲ. ಈ ವರ್ಷ 30 ಇದ್ದವನಿಗೆ ಮುಂದಿನ ವರ್ಷ 14 ಬಂದರೆ ಅಚ್ಚರಿಪಡಬೇಕಿಲ್ಲ. ಡಿಫೆನ್ಸ್ ಆಟಗಾರರ ವಿಚಾರದಲ್ಲಿ ಮಾತ್ರ ಎರಡನೇ ಅಸಿಸ್ಟನ್ನು ಅರ್ಧಕ್ಕೆ ಹಿಡಿಯಿರಿ. ತಮ್ಮ ವಲಯದಿಂದ ಹೊರಡುವ ಮೊದಲ ಪಾಸ್ ಅವರ ಮುಖ್ಯ ಕೆಲಸವೇ.

ಶಾಟ್ ಕಾಲಮ್ಮನ್ನೂ ನೋಡಿ. ನೂರು ಶಾಟ್‌ಗೆ 25 ಗೋಲ್ ಬಂದಿದ್ದರೆ ಆ ಹುಡುಗನ ಗೋಲುಗಳು ಮುಂದೆ ಇಳಿಯುತ್ತವೆ ಎಂದೇ ಲೆಕ್ಕ ಹಾಕಿ. 280 ಶಾಟ್ ಹೊಡೆದು 28 ಗೋಲ್ ಮಾಡಿದವನ ಮೇಲೆ ನಂಬಿಕೆ ಇಡಬಹುದು.

ಕೊನೆಗೆ ತಂಡದ ಪಾಲು. ಅವನಾಡಿದ ಪಂದ್ಯಗಳಲ್ಲಿ ತಂಡ ಹೊಡೆದ ಗೋಲುಗಳಲ್ಲಿ ಎಷ್ಟರಲ್ಲಿ ಅವನ ಕೈಯಿದೆ? ತಂಡದ 300 ಗೋಲುಗಳಲ್ಲಿ 90 ಎಂದರೆ ನೂರಕ್ಕೆ 30, 190ರಲ್ಲಿ 70 ಎಂದರೆ ನೂರಕ್ಕೆ 37. ಅವನು ಗಾಯಗೊಂಡು ಕೂತಿದ್ದ ಪಂದ್ಯಗಳ ಗೋಲುಗಳನ್ನು ಸೇರಿಸಿದರೆ ಲೆಕ್ಕವೇ ತಪ್ಪುತ್ತದೆ.

ಜೊತೆಗಾರರು ಯಾರು?

ಸ್ಕೋರ್‌ಶೀಟ್ ತೆರೆದು ಅವನ ಗೋಲುಗಳಲ್ಲಿ ಯಾರ ಹೆಸರು ಪದೇ ಪದೇ ಬರುತ್ತದೆ, ಆ ಜೊತೆಗಾರನ ವಯಸ್ಸೆಷ್ಟು ಎಂದು ಬರೆದುಕೊಳ್ಳಿ. ಇಬ್ಬರು ಇಪ್ಪತ್ತರ ಆಟಗಾರರ ನಡುವೆ ಆಡುವ ಹುಡುಗನ ಪಾಯಿಂಟ್ ಉಬ್ಬಿರುತ್ತದೆ. ಆದರೆ ಅನುಮಾನವನ್ನು ಅಲ್ಲಿಗೇ ನಿಲ್ಲಿಸಬೇಡಿ, ಜೊತೆಗಾರ ಇಲ್ಲದ ಪಂದ್ಯಗಳನ್ನು ಹುಡುಕಿ. ಅಲೆಕ್ಸ್ ಡೆಬ್ರಿಂಕಾಟ್ ಒಎಚ್‌ಎಲ್‌ನ ಈರಿ ತಂಡದಲ್ಲಿ ತಾರೆ ಕಾನರ್ ಮೆಕ್‌ಡೇವಿಡ್ ಇದ್ದಾಗ 51 ಗೋಲ್ ಹೊಡೆದರು. ಮೆಕ್‌ಡೇವಿಡ್ ಎನ್‌ಎಚ್‌ಎಲ್‌ಗೆ ಹೋದ ಮೇಲೆ, 2015–16ರಲ್ಲಿ, ಮತ್ತೆ 51. ಇನ್ನೊಬ್ಬ ಒಳ್ಳೆಯ ಜೊತೆಗಾರ ಡಿಲನ್ ಸ್ಟ್ರೋಮ್ ಆಗಲೂ ತಂಡದಲ್ಲಿದ್ದರು ನಿಜ, ಆದರೂ ಗೋಲ್ ಕಡಿಮೆಯಾಗಲಿಲ್ಲ ಎಂಬುದೇ ಸಾಕ್ಷಿ. ಐದಡಿ ಏಳಿಂಚಿನ ಡೆಬ್ರಿಂಕಾಟ್ 2016ರ ಡ್ರಾಫ್ಟ್‌ನಲ್ಲಿ 39ನೆಯವರಾಗಿ ಹೋದರು, ಎನ್‌ಎಚ್‌ಎಲ್‌ನ ಎರಡನೇ ಸೀಸನ್ನಿನಲ್ಲೇ 41 ಗೋಲ್ ಹೊಡೆದರು.

ಪೂರ್ತಿ ಪಂದ್ಯ ನೋಡಿ

ಸಂಗೀತ ಹಾಕಿ ಕತ್ತರಿಸಿದ ಮೂರು ನಿಮಿಷದ ವಿಡಿಯೊಗಳನ್ನು ಪೂರ್ತಿ ಮರೆತುಬಿಡಿ. ಅವು ಹುಡುಗನನ್ನು ಮಾರುವುದಕ್ಕೆಂದೇ ಮಾಡಿದವು. ದುಡ್ಡು ಕೊಟ್ಟು ಕೊಳ್ಳುವ, ಆಟಗಾರನಿಗೆ ನೂರಕ್ಕೆ ಇಷ್ಟು ಎಂದು ಒಂದೇ ಸಂಖ್ಯೆ ಬರೆದ ಕಾರ್ಡ್‌ಗಳೂ ಬೇಡ. ಆ ಸಂಖ್ಯೆ ಹೇಗೆ ಬಂತೆಂದು ಹೇಳದ ಮೇಲೆ ಅದನ್ನು ಏನು ಮಾಡುವುದು?

ಒಬ್ಬನಿಗೆ ಕನಿಷ್ಠ ಮೂರು ಪಂದ್ಯ: ಒಂದು ತವರಿನಲ್ಲಿ, ಒಂದು ಹೊರಗೆ ಬಲಾಢ್ಯ ತಂಡದ ಎದುರು, ಒಂದು ಸತತ ಮೂರನೇ ದಿನ ಆಡುವಾಗ. ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಇಂಥ ವಾರಾಂತ್ಯಗಳು ಬರುತ್ತವೆ, ದಣಿದ ಕಾಲಿನ ಆಟ ಅಲ್ಲೇ ಕಾಣುವುದು. ಪಕ್ ಎಲ್ಲಿ ಹೋದರೂ ಕಣ್ಣು ಅವನ ಮೇಲೆಯೇ ಇರಲಿ. ಒಂದು ಶಿಫ್ಟ್, ಅಂದರೆ ಬೆಂಚಿನಿಂದ ಇಳಿದು ಮರಳುವವರೆಗಿನ ಸರದಿ, ಮುಕ್ಕಾಲು ನಿಮಿಷದಷ್ಟೇ, ಕಷ್ಟವೇನಿಲ್ಲ.

ಡಿಫೆನ್ಸ್ ಆಟಗಾರನಾದರೆ, ಎದುರಾಳಿ ಮೂಲೆಗೆ ತಳ್ಳಿದ ಪಕ್ಕನ್ನು ತರಲು ಅವನು ಹಿಂದಕ್ಕೆ ಓಡುವ ಕ್ಷಣವನ್ನು ಹಿಡಿಯಿರಿ. ಪಕ್ ಮುಟ್ಟುವ ಮುನ್ನ ಭುಜದ ಮೇಲಿಂದ ಎಷ್ಟು ಸಲ ಹಿಂದೆ ನೋಡಿದ? ಒಮ್ಮೆಯೂ ನೋಡದವನು ಪಕ್ ಸಿಕ್ಕೊಡನೆ ಗೋಡೆಗೆ ಬಡಿದು ಕೈತೊಳೆದುಕೊಳ್ಳುತ್ತಾನೆ. ಎರಡು ಸಲ ನೋಡಿದವನಿಗೆ ಬೆನ್ನಟ್ಟಿ ಬರುವವನು ಯಾವ ಬದಿಯಲ್ಲಿದ್ದಾನೆಂದು ಮೊದಲೇ ಗೊತ್ತು. ಒಂದು ಬದಿಗೆ ಭುಜ ವಾಲಿಸಿ ಇನ್ನೊಂದು ಬದಿಗೆ ತಿರುಗಿ ಪಾಸ್ ಕೊಡುತ್ತಾನೆ. ಇಂಥ ಇಪ್ಪತ್ತು ಸಂದರ್ಭಗಳನ್ನು ಎಣಿಸಿ: ಪಾಸ್ ಜೊತೆಗಾರನಿಗೆ ತಲುಪಿತೇ, ಸುಮ್ಮನೆ ಹೊರಗೆ ಹೋಯಿತೇ, ಎದುರಾಳಿಗೆ ಸಿಕ್ಕಿತೇ? ಮೂರು ಕಾಲಮ್ ಸಾಕು. ಇಬ್ಬರು ಡಿಫೆನ್ಸ್ ಆಟಗಾರರ ನಡುವೆ ಯಾರು ಮೇಲೆಂದು ಹೇಳಲು ಪಾಯಿಂಟ್‌ಗಿಂತ ಈ ಎಣಿಕೆ ಎಷ್ಟೋ ಮೇಲು. ಫಾರ್ವರ್ಡ್‌ಗಾದರೆ ನಿಂತಲ್ಲಿಂದ ಮೊದಲ ಮೂರು ಹೆಜ್ಜೆ, ಪಕ್ ಕಳೆದುಕೊಂಡ ಮರುಕ್ಷಣ ಮಾಡುವ ಕೆಲಸ, ಗೋಲ್‌ಕೀಪರನ ಮುಂದಿನ ಇಕ್ಕಟ್ಟಿಗೆ ನುಗ್ಗುತ್ತಾನೋ ಇಲ್ಲವೋ, ಇಷ್ಟನ್ನು ಬರೆಯಿರಿ.

ಯುರೋಪಿನ ಅನೇಕ ರಿಂಕ್‌ಗಳು 30 ಮೀಟರ್‌ವರೆಗೆ ಅಗಲ, ಎನ್‌ಎಚ್‌ಎಲ್‌ನದು ಸುಮಾರು 26. ಗೋಡೆ ಬದಿಯಲ್ಲಿ ಪಕ್ ಹಿಡಿದು ಯೋಚಿಸುತ್ತ ನಿಲ್ಲುವ ವಿಂಗರ್‌ಗೆ (ಅಂಚಿನಲ್ಲಿ ಆಡುವ ಫಾರ್ವರ್ಡ್) ಆ ನಾಲ್ಕು ಮೀಟರ್ ಮುಂದೆ ಸಿಗುವುದಿಲ್ಲ.

ಗೋಲ್‌ಕೀಪರ್, ದೇಹ ಪರೀಕ್ಷೆ, ಅಧಿಕೃತ ಪಟ್ಟಿ

ಗೋಲ್‌ಕೀಪರನ ಸೇವ್ ಶೇಕಡಾವಾರನ್ನು (ಬಂದ ಶಾಟ್‌ಗಳಲ್ಲಿ ತಡೆದವುಗಳ ಪಾಲು) ಬೇರೆ ಲೀಗ್‌ನವನ ಜೊತೆ ಹೋಲಿಸಬೇಡಿ, ಅವನದೇ ತಂಡದ ಇನ್ನೊಬ್ಬ ಗೋಲ್‌ಕೀಪರನ ಜೊತೆ ಹೋಲಿಸಿ. ಇಬ್ಬರ ಮುಂದೆಯೂ ನಿಲ್ಲುವ ಡಿಫೆನ್ಸ್ ಒಂದೇ. ಮೊದಲ ಸುತ್ತಿನ ಪಟ್ಟಿಯಲ್ಲಿ ಗೋಲ್‌ಕೀಪರ್‌ಗೆ ಜಾಗ ಕೊಡಲು ಆತುರ ಬೇಡ: ಮುಂದೆ ಹೆಸರಾದ ಗೋಲ್‌ಕೀಪರ್‌ಗಳಲ್ಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ ಡ್ರಾಫ್ಟ್‌ನಲ್ಲಿ 205ನೆಯವರು, ಕಾನರ್ ಹೆಲ್ಲಬಕ್ 130ನೆಯವರು, ಇಗೊರ್ ಶೆಸ್ಟರ್ಕಿನ್ 118ನೆಯವರು.

ಡ್ರಾಫ್ಟ್‌ಗೆ ಮುನ್ನ ಎನ್‌ಎಚ್‌ಎಲ್ ಬಫಲೋದಲ್ಲಿ ನಡೆಸುವ ದೇಹ ಪರೀಕ್ಷೆಯಿಂದ ಎತ್ತರ, ತೂಕ ತೆಗೆದುಕೊಳ್ಳಿ, ತಂಡಗಳು ಬರೆಯುವ ಅಳತೆಗಿಂತ ಅದು ನಂಬಲರ್ಹ. ಉಳಿದದ್ದಕ್ಕೆ ತಲೆಕೆಡಿಸಿಕೊಳ್ಳಬೇಡಿ. 2014ರಲ್ಲಿ ಸ್ಯಾಮ್ ಬೆನೆಟ್‌ಗೆ ಅಲ್ಲಿ ಒಂದು ಪುಲ್-ಅಪ್ ಕೂಡ ಆಗಲಿಲ್ಲ. ನಾಲ್ಕನೆಯವರಾಗಿಯೇ ಆಯ್ಕೆಯಾದರು, 2025ರಲ್ಲಿ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಗೆದ್ದರು.

ಎಳೆಯ ಆಟಗಾರರನ್ನು ಅಳೆಯುವ ಲೀಗ್‌ನ ಸ್ವಂತ ವಿಭಾಗ ಎನ್‌ಎಚ್‌ಎಲ್ ಸೆಂಟ್ರಲ್ ಸ್ಕೌಟಿಂಗ್ ಪ್ರಕಟಿಸುವುದು ಒಂದಲ್ಲ, ನಾಲ್ಕು ಪಟ್ಟಿ: ಉತ್ತರ ಅಮೆರಿಕದ ಆಟಗಾರರು, ಅಲ್ಲಿನ ಗೋಲ್‌ಕೀಪರ್‌ಗಳು, ಹೊರದೇಶದ ಆಟಗಾರರು, ಅಲ್ಲಿನ ಗೋಲ್‌ಕೀಪರ್‌ಗಳು. ಹೊರದೇಶದ ಪಟ್ಟಿಯ ಐದನೆಯವನನ್ನು ಒಟ್ಟಾರೆ ಐದನೆಯವನೆಂದು ಓದುವವರು ಪ್ರತಿ ವರ್ಷ ಸಿಗುತ್ತಾರೆ.

ಗುಂಪು ಮಾಡಿ

ಒಂದರಿಂದ ಅರವತ್ತರವರೆಗೆ ಸಂಖ್ಯೆ ಹಾಕುವ ಬದಲು ಸರಿಸುಮಾರು ಒಂದೇ ಮಟ್ಟದವರನ್ನು ಸೇರಿಸಿ ಐದಾರು ಗುಂಪು ಮಾಡಿ. ಒಂದೇ ಗುಂಪಿನೊಳಗೆ ಸೆಂಟರ್‌ಗೂ (ನಡುವೆ ಆಡುವ ಫಾರ್ವರ್ಡ್) ಬಲಗೈ ಡಿಫೆನ್ಸ್ ಆಟಗಾರನಿಗೂ ಮೊದಲ ಸ್ಥಾನ, ವಿಂಗರ್‌ಗೆ ಆಮೇಲೆ. ಏಪ್ರಿಲ್‌ನ 18ರೊಳಗಿನವರ ವಿಶ್ವಕೂಟ ಮುಗಿದ ಮೇಲೆ ಯಾರನ್ನೂ ಒಂದು ಗುಂಪಿಗಿಂತ ಹೆಚ್ಚು ಮೇಲಕ್ಕೆ ಎತ್ತಬೇಡಿ. ಅಲ್ಲಿ ಆಡುವುದು ಹೆಚ್ಚೆಂದರೆ ಏಳು ಪಂದ್ಯ, ತಮ್ಮ ಕ್ಲಬ್‌ನ ಪ್ಲೇಆಫ್‌ನಲ್ಲಿ ಉಳಿದಿರುವ ಹುಡುಗರು ಬಂದೇ ಇರುವುದಿಲ್ಲ. ಎರಡು ಗುಂಪು ಏರಿಸಲೇಬೇಕೆನಿಸಿದರೆ ಆ ಹುಡುಗನ ಜನವರಿಯ ಎರಡು ಲೀಗ್ ಪಂದ್ಯಗಳನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ನೋಡಿ. ಅಲ್ಲೂ ಅದೇ ಆಟ ಕಂಡರೆ ಏರಿಸಿ.