ಸ್ಪ್ಯಾನಿಷ್ ಕಲಿಸುವಾಗ ಬೋರ್ಡಿನಲ್ಲಿ ಕನ್ನಡ ಬರೆಯಿರಿ

ಮಂಗಳೂರು ಕಡೆ ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡುವ ಟೀಚರ್‌ಗಳೇ, ಶುರುವಿನಲ್ಲಿ ಉಚ್ಚಾರವನ್ನು ಕನ್ನಡದಲ್ಲೇ ಬರೆದು ತೋರಿಸಿ. ಸ್ಪ್ಯಾನಿಷ್‌ನಲ್ಲಿ ಟೊಮೇಟೊಗೆ 'tomate' ಅಂತಾರೆ; ಇಂಗ್ಲಿಷ್ ಅಕ್ಷರ ನೋಡಿದ ಮಕ್ಕಳು ಟೊಮೇಟೊ ನೆನಪಲ್ಲಿ ಅದನ್ನು 'ಟೊಮೇಟ್' ಅಂತ ಓದ್ತಾರೆ. 'ತೊಮಾತೆ' ಅಂತ ಬರೆದರೆ ಮುಗೀತು. ಅಲ್ಲಿಯ ತ, ದ ಹೆಚ್ಚುಕಡಿಮೆ ನಮ್ಮವೇ, ನಾಲಿಗೆ ಹಲ್ಲಿಗೆ ತಾಗಬೇಕು. ಸ್ವರಗಳೂ ಐದೇ: ಅ, ಎ, ಇ, ಒ, ಉ. 'ಎಚ್' ಸುಮ್ನೆ ಕೂತಿರುತ್ತೆ, 'ಜೆ' ಬಂದಲ್ಲಿ ಗಂಟಲಿಂದ 'ಹ' ಹೇಳಿಸಿ.

ಜಾಸ್ತಿ ತಲೆನೋವು ಲಿಂಗದ್ದು. ಮೇಜು ಹೆಣ್ಣು, ಪುಸ್ತಕ ಗಂಡು! ಕನ್ನಡ, ತುಳು ಮನೆಯ ಮಕ್ಕಳು ಕಕ್ಕಾಬಿಕ್ಕಿ. ಕೊಂಕಣಿ ಮಕ್ಕಳಿಗೆ ಇದು ಹೊಸತಲ್ಲ, ಅಲ್ವಾ? ಅವರನ್ನು ಉಳಿದವರ ಪಕ್ಕದಲ್ಲಿ ಕೂರಿಸಿ. ಪದ ಒಂದನ್ನೇ ಕಲಿಸಬೇಡಿ. 'ಲಾ ಮೆಸಾ' (ಮೇಜು), 'ಎಲ್ ಲಿಬ್ರೊ' (ಪುಸ್ತಕ) ಅಂತ, ಹೆಣ್ಣಿನ 'ಲಾ', ಗಂಡಿನ 'ಎಲ್' ಸೇರಿಸಿ ಜೋಡಿಯಾಗಿಯೇ ಬಾಯಿಪಾಠ ಮಾಡಿಸಿ. ವ್ಯಾಕರಣದ ಪಟ್ಟಿ ಆಮೇಲೆ ಕೊಟ್ಟರೂ ನಡೆಯುತ್ತದೆ.