ಆನ್‌ಲೈನ್ ಪಾಠವನ್ನು ಎನ್‌ವಿಡಿಎ ಕೈಲಿ ಓದಿಸಿದ್ದು: ನನ್ನ ಅನುಭವ

"ಪಾಠ ಓದಿ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿ ಸಾರ್, ಸಾಕು. ಕಣ್ಣು ಕಾಣದ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟು ಏನು ಮಾಡ್ತೀರಿ?" ಹೀಗೆ ಹೇಳಿದ್ದು ಹೊರಗಿನವರಲ್ಲ, ನಮ್ಮ ಮೇಷ್ಟ್ರುಗಳೇ. ಈ ವರ್ಷ ಕಣ್ಣು ಕಾಣದ ನನ್ನ ನಾಲ್ವರು ವಿದ್ಯಾರ್ಥಿಗಳು ಹತ್ತನೇ ಕ್ಲಾಸಿನ ಕನ್ನಡ, ಸಮಾಜ ಎರಡನ್ನೂ ತಾವೇ ಓದಿ ಮುಗಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎನ್‌ವಿಡಿಎ ಅಂದರೆ ಕಂಪ್ಯೂಟರ್ ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಇಸ್ಪೀಕ್ ಅಂದರೆ ಅದರ ಧ್ವನಿ. ಇದನ್ನು ಹಾಕುವುದು, ಇಸ್ಪೀಕ್‌ನಲ್ಲಿ ಕನ್ನಡ ಆರಿಸುವುದು ಕಷ್ಟವೇನಲ್ಲ. ನಾನು ಸೋತಿದ್ದು ಅಲ್ಲಲ್ಲ, ಫೈಲಿನಲ್ಲಿ. ಮೊದಲ ವರ್ಷ ಸಿಕ್ಕಿದ ಪಿಡಿಎಫ್‌ಗಳನ್ನೆಲ್ಲ ಕಳಿಸಿದೆ. ಅರ್ಧದಷ್ಟು ಬರೀ ಸ್ಕ್ಯಾನ್ ಮಾಡಿದ ಚಿತ್ರ, ಎನ್‌ವಿಡಿಎ ಬಾಯೇ ಬಿಡಲಿಲ್ಲ. ಉಳಿದವು ಹಳೇ ನುಡಿ ಫಾಂಟಿನವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. 'ಕನ್ನಡ' ಅನ್ನೋ ಪದದ ಒಳಗೆ ಪಿ, ಪೌಂಡಿನ ಗುರುತು, ಕ್ಯೂ ಎಲ್ಲ ಕೂತಿರುತ್ತವೆ. ಒಬ್ಬ ಹುಡುಗಿ ಹತ್ತು ನಿಮಿಷ ಅದನ್ನೇ ಕೇಳಿಸಿಕೊಂಡು "ಸರ್, ಇದು ಯಾವ ಭಾಷೆ?" ಅಂದಳು. ಅವತ್ತು ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ದುಡ್ಡು ಸುರಿದೆ. ಒಂದು ಡಿಟಿಪಿ ಅಂಗಡಿಗೆ ಪುಟಕ್ಕೆ 25 ರೂಪಾಯಿಯಂತೆ ಸುಮಾರು 120 ಪುಟ ಟೈಪ್ ಮಾಡಲು ಕೊಟ್ಟೆ. ಯೂನಿಕೋಡ್‌ನಲ್ಲೇ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ಹಾಗೆ ಬೇಕು ಅಂತ ಎರಡೆರಡು ಸಲ ಹೇಳಿದ್ದೆ. ಬಂದಿದ್ದು ಮತ್ತೆ ನುಡಿ ಫಾಂಟಿನಲ್ಲೇ! 3 ಸಾವಿರ ನೀರಲ್ಲಿ ಹೋಯ್ತು.

ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಹಾಕಿ ನೋಡಿದೆ. ನುಡಿಯಲ್ಲಿ ಟೈಪಾದ ವರ್ಡ್ ಫೈಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿದ್ದರಲ್ಲಿ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಕೊನೆಗೆ ಕೈಹಿಡಿದಿದ್ದು ಉಲ್ಟಾ ದಾರಿ. ಪಿಡಿಎಫ್‌ನ ಪ್ರತಿ ಪುಟವನ್ನೂ ಚಿತ್ರ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದೆ. ಚಿತ್ರದಲ್ಲಿರುವ ಅಕ್ಷರಗಳನ್ನು ಅದು ಗುರುತಿಸಿ ಟೆಕ್ಸ್ಟ್ ಮಾಡಿಕೊಡುತ್ತದೆ. "ಟೈಪ್ ಆಗಿರೋದನ್ನ ಮತ್ತೆ ಫೋಟೋ ಮಾಡ್ತೀರಾ?" ಅಂತ ನಕ್ಕರು. ನಗಲಿ. ಬಂದಿದ್ದು ಓದಬಲ್ಲ ಯೂನಿಕೋಡ್ ಕನ್ನಡ, ಖರ್ಚು ಸೊನ್ನೆ.

ಸೊನ್ನೆ ಅಂದಾಗ ನೆನಪಾಯ್ತು. ಅನುಸ್ವಾರ ಬರಬೇಕಾದ ಕಡೆ ಎಷ್ಟೋ ಸಲ ಕನ್ನಡದ ಅಂಕಿ ಸೊನ್ನೆ ಬಂದು ಕೂರುತ್ತದೆ. ನೋಡೋಕೆ ಎರಡೂ ಒಂದೇ ಥರ, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎನ್‌ವಿಡಿಎ ಮಾತ್ರ 'ಪ೦ಪ' ಅನ್ನುವುದನ್ನು "ಪ ಸೊನ್ನೆ ಪ" ಅಂತ ಓದುತ್ತದೆ. ಫೈಂಡ್ ಅಂಡ್ ರೀಪ್ಲೇಸ್ ಹೊಡೆದರೆ ನಿಜವಾದ ಸೊನ್ನೆಗಳೂ, ಅಂದರೆ ಇಸವಿಗಳೂ ಹಾಳಾಗುತ್ತವೆ. ಅದಕ್ಕೆ ನನ್ನದೇ ಒಂದು ಕ್ರಮ ಇದೆ, ಜೊತೆಗೆ ಎನ್‌ವಿಡಿಎ ಉಚ್ಚಾರ ತಿದ್ದುವ ಸ್ಪೀಚ್ ಡಿಕ್ಷನರಿಗೆ ಸೇರಿಸಿದ ಇನ್ನೂರು ಚಿಲ್ಲರೆ ಪದಗಳೂ ಇವೆ. ಎರಡು ವರ್ಷದ ಕೆಲಸ ಅದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೈವ್ ಕ್ಲಾಸಿನ ಕಥೆ ಬೇರೆ. ಮೇಷ್ಟ್ರು ಹಂಚಿದ ಸ್ಕ್ರೀನ್ ಎನ್‌ವಿಡಿಎಗೆ ಬರೀ ಚಿತ್ರ. ಹಾಗಾಗಿ ಬೋರ್ಡಿನ ಮೇಲೆ ಬರುವುದನ್ನು ಹಿಂದಿನ ದಿನವೇ ಟೆಕ್ಸ್ಟ್ ಆಗಿ ಕಳಿಸುತ್ತೇನೆ. ಮೇಷ್ಟ್ರ ಧ್ವನಿ, ಎನ್‌ವಿಡಿಎ ಧ್ವನಿ ಒಂದರ ಮೇಲೊಂದು ಬಿದ್ದು ಮಕ್ಕಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಕ್ಲಾಸು ಮೊಬೈಲ್ ಸ್ಪೀಕರ್‌ನಲ್ಲಿ, ಎನ್‌ವಿಡಿಎ ಲ್ಯಾಪ್‌ಟಾಪ್‌ನಲ್ಲಿ, ಒಂದೇ ಕಿವಿಗೆ ಇಯರ್‌ಫೋನ್. 150 ರೂಪಾಯಿ ಇಯರ್‌ಫೋನ್ ಅಷ್ಟೇ. ಹಳೇ ಲ್ಯಾಪ್‌ಟಾಪ್‌ಗಳು ತಲಾ ಹನ್ನೊಂದು ಹನ್ನೆರಡು ಸಾವಿರ ಬಿದ್ದವು. 4 ಜಿಬಿ ರ‍್ಯಾಮ್, ಹ್ಯಾಂಗ್ ಆಗುತ್ತಿದ್ದವು. ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಹಾಕಿಸಿದ ಮೇಲೆ ಸರಿಹೋದವು, ಅದಕ್ಕೆ ತಲಾ ಎರಡು ಸಾವಿರದ ಹತ್ತಿರ.

ಇಸ್ಪೀಕ್ ಧ್ವನಿ ಒರಟು ಅಂತ ಎಲ್ಲರೂ ಮೂಗು ಮುರಿದರು. ಫೋನಿನಲ್ಲಿರುವ ಗೂಗಲ್ ಧ್ವನಿ ಇಂಪಾಗಿದೆ ನಿಜ. ಆದರೆ ವೇಗ ಜಾಸ್ತಿ ಮಾಡಿದರೂ ಕೀ ಒತ್ತಿದ ತಕ್ಷಣ ಮಾತಾಡುವುದು ಇಸ್ಪೀಕ್. ಎರಡು ಮೂರು ವಾರಕ್ಕೆ ಮಕ್ಕಳಿಗೆ ಅಭ್ಯಾಸವಾಯ್ತು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ, ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾನೆ. ಕನ್ನಡ ಟೈಪಿಂಗ್‌ಗೆ ಬಳಸುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕಲ್ವಾ? ಶಿಫ್ಟ್ ಒತ್ತಿ ಕೈಬಿಟ್ಟರೂ ಮುಂದಿನ ಕೀಗೆ ಅದು ಲೆಕ್ಕಕ್ಕೆ ಬರುವ ಸ್ಟಿಕಿ ಕೀಸ್ ಸೌಲಭ್ಯ ಹಾಕಿಕೊಟ್ಟೆ. ಎರಡು ದಿನ ಚೆನ್ನಾಗಿತ್ತು, ಆಮೇಲೆ ತಾನೇ ಆಫ್ ಆಗೋಕೆ ಶುರುವಾಯ್ತು. ಪಕ್ಕದಲ್ಲಿ ಕೂತು ನೋಡಿದೆ. ಅವನ ಅಂಗೈ ಶಿಫ್ಟ್ ಮೇಲೆ ಕೂರುತ್ತಿತ್ತು, ಬೆರಳು ಇನ್ನೊಂದು ಕೀ ಒತ್ತುತ್ತಿತ್ತು. ಎರಡು ಕೀ ಒಟ್ಟಿಗೆ ಬಿದ್ದರೆ ಸ್ಟಿಕಿ ಕೀಸ್ ನಿಲ್ಲುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಅದರ ಟಿಕ್ ತೆಗೆದೆ. ನೇಮ್‌ಬೋರ್ಡ್ ಮಾಡುವವರ ಹತ್ತಿರ ಅಕ್ರಿಲಿಕ್ ಶೀಟಿಗೆ ತೂತು ಹಾಕಿಸಿ ಕೀಬೋರ್ಡ್ ಮೇಲೆ ಕೂರಿಸಿದೆ, ಮುನ್ನೂರು ರೂಪಾಯಿ ಆಯ್ತು. ಈಗ ಅಂಗೈ ಶೀಟಿನ ಮೇಲೆ, ಬೆರಳು ಮಾತ್ರ ತೂತಿನೊಳಗೆ.

ಆಡಿಯೋ ಸಾಕು ಅಂದವರಿಗೆ ಒಂದು ಮಾತು. "ಇದು ಯಾವ ಭಾಷೆ" ಅಂದಿದ್ದ ಆ ಹುಡುಗಿಯೇ ಎರಡು ವರ್ಷ ಆಡಿಯೋ ಕೇಳಿ 'ಘಟನೆ'ಯನ್ನು 'ಗಟನೆ' ಅಂತಲೇ ಟೈಪ್ ಮಾಡುತ್ತಿದ್ದಳು. ಕಿವಿಗೆ ಹಾಗೇ ಕೇಳಿಸಿತ್ತು, ಕಾಗುಣಿತ ಹೇಳುವವರು ಯಾರು? ಈಗ ಬಾಣದ ಕೀ ಒತ್ತುತ್ತಾ ಒಂದೊಂದೇ ಅಕ್ಷರ ಕೇಳಿಸಿಕೊಳ್ಳುತ್ತಾಳೆ. ಹೋದ ವಾರ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಳು. "ಸರ್, ಮೂರನೇ ಪಾಠ, ಏಳನೇ ಪ್ಯಾರಾ. ಅಲ್ಲೊಂದು ಸೊನ್ನೆ ಉಳಿದುಬಿಟ್ಟಿದೆ."

ತಿದ್ದಿ, ಅವತ್ತೇ ನಾಲ್ವರಿಗೂ ಮತ್ತೆ ಕಳಿಸಿದೆ.